ಡೊರಾಡೊ ಅಣೆಕಟ್ಟಿನ ಬುಡದಲ್ಲೇ ಏಕೆ ಸಿಗುತ್ತದೆ?

ಡೊರಾಡೊ ದಕ್ಷಿಣ ಅಮೆರಿಕದ ಹೊಳೆಮೀನು. ಗಾಳಕ್ಕೆ ಸಿಕ್ಕ ಡೊರಾಡೊಗಳ ಪೈಕಿ ವಿಶ್ವದಾಖಲೆಯ ಮೀನು 25 ಕಿಲೋಗಿಂತ ತುಸು ಹೆಚ್ಚು ತೂಗಿತ್ತು. 2006ರಲ್ಲಿ ಅದು ಸಿಕ್ಕಿದ್ದು ಅರ್ಜೆಂಟೀನಾದ ಕೊಂಕೋರ್ದಿಯಾ ಬಳಿ, ಉರುಗ್ವೆ ನದಿಯಲ್ಲಿ. ಅಲ್ಲಿಂದ ಸ್ವಲ್ಪ ಮೇಲಕ್ಕೆ ಸಾಲ್ಟೊ ಗ್ರಾಂಡೆ ಅಣೆಕಟ್ಟು. 1979ರಿಂದ ಅರ್ಜೆಂಟೀನಾ, ಉರುಗ್ವೆ ಎರಡೂ ದೇಶಗಳಿಗೆ ವಿದ್ಯುತ್ ಕೊಡುತ್ತಿರುವ ಈ ಕಟ್ಟೆಯ ಬುಡದಲ್ಲಿ ಕಂಡಕಂಡವರು ದೋಣಿ ಇಳಿಸುವಂತಿಲ್ಲದ ಒಂದು ಜಾಗವಿದೆ. ಗಾಳದ ಹವ್ಯಾಸಿಗಳು ಅದನ್ನು ‘ಲಾ ಸೋನಾ’ ಎನ್ನುತ್ತಾರೆ. ಕೆಲವೇ ದೋಣಿಗಳಿಗೆ ಅನುಮತಿ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಲೇಬೇಕು. ದೊಡ್ಡ ಡೊರಾಡೊ ಬೇಕೆಂದು ದೂರದೂರದ ದೇಶಗಳಿಂದ ಜನ ಇಲ್ಲಿಗೆ ಬರುತ್ತಾರೆ. ಬಂದವರಲ್ಲಿ ಹಲವರು ಊರಿಗೆ ಮರಳುವಾಗ ಒಂದು ನಂಬಿಕೆಯನ್ನೂ ಕಟ್ಟಿಕೊಂಡು ಹೋಗುತ್ತಾರೆ: ಅಣೆಕಟ್ಟು ಬಂದ ಮೇಲೆ ಮೀನು ಹೆಚ್ಚಿದೆ ಎಂದು.

ಬಂದ್ ದಿನ ಮೆಜೆಸ್ಟಿಕ್‌ನಲ್ಲಿ ಜನ ಕಿಕ್ಕಿರಿದಿದ್ದರೆ, ಬೆಂಗಳೂರಿನಲ್ಲಿ ಬಸ್ಸು ಹೆಚ್ಚಾಗಿವೆ ಎಂದು ಯಾರಾದರೂ ಹೇಳಿಯಾರೇ? ಹೊರಟವರಿಗೆ ಮುಂದೆ ದಾರಿಯಿಲ್ಲ, ಅಷ್ಟೇ. ಟರ್ಬೈನಿನ ಹೊಡೆತಕ್ಕೆ ತತ್ತರಿಸಿ ಬೀಳುವ ಸಣ್ಣ ಮೀನುಗಳು ಕಟ್ಟೆಯ ಕೆಳಗೆ ಸುಲಭದ ಊಟ, ಅದೂ ನಿಜ. ಆದರೆ ಡೊರಾಡೊ ಅಲ್ಲಿಗೆ ಬಂದದ್ದು ಊಟಕ್ಕಷ್ಟೇ ಅಲ್ಲ, ಮೇಲಕ್ಕೆ ಹೋಗಲು.

ಪರಾನಾ, ಪರಾಗ್ವೆ, ಉರುಗ್ವೆ ನದಿಗಳ ಈ ಮೀನು ಮೈಯೆಲ್ಲ ಹೊನ್ನಿನ ಬಣ್ಣ. ಒಂದೊಂದು ಹುರುಪೆಯ ಮೇಲೂ ಒಂದು ಕಪ್ಪು ಚುಕ್ಕಿ ಇರುವುದರಿಂದ ಪಕ್ಕೆಯ ಉದ್ದಕ್ಕೂ ಗೆರೆ ಎಳೆದಂತೆ ಕಾಣುತ್ತದೆ. ಬಾಲ ಕಿತ್ತಳೆ ಕೆಂಪು, ನಡುವೆ ಕಪ್ಪು ಪಟ್ಟಿ. ಸಾಲ್ಮನ್ ಜಾತಿಯದೆಂದು ಹೇಳುವವರಿದ್ದಾರೆ. ಅಲ್ಲ, ಪಿರಾನಾಗಳಿರುವ ಗುಂಪಿನದು. ದವಡೆಯಲ್ಲಿ ಎರಡು ಸಾಲು ಚೂಪು ಹಲ್ಲು. ಅದಕ್ಕೇ ಗಾಳದ ಹತ್ತಿರ ನೈಲಾನ್ ದಾರದ ಬದಲು ಉಕ್ಕಿನ ತಂತಿ ಕಟ್ಟುತ್ತಾರೆ. ಬಾಯಿ ಎಲುಬಿನಂತೆ ಗಟ್ಟಿ, ಗಾಳದ ಮುಳ್ಳು ನಾಟುವುದೇ ಕಷ್ಟ. ನಾಟಿದರೂ ಮೀನು ನೀರಿನಿಂದ ಚಿಮ್ಮಿ ತಲೆ ಒದರಿದರೆ ಗಾಳ ಕಳಚಿ ದೋಣಿಯತ್ತ ಹಾರಿಬರುವುದುಂಟು.

ಮಲೆನಾಡಿನವರಿಗೆ ಹತ್ತುಮೀನಿನ ಬಗ್ಗೆ ನಾನು ಹೇಳಬೇಕಿಲ್ಲ. ಮಳೆಗಾಲದ ಮೊದಲ ನೆರೆಗೆ ಮೀನು ಹಳ್ಳ ಬಿಟ್ಟು ಗದ್ದೆಯತ್ತ ಏರುತ್ತದಲ್ಲ, ಡೊರಾಡೊ ಮಾಡುವುದೂ ಅದನ್ನೇ, ನೂರಾರು ಕಿಲೋಮೀಟರ್ ಅಳತೆಯಲ್ಲಿ. ದಕ್ಷಿಣ ಗೋಳಾರ್ಧದ ಬೇಸಿಗೆ ಶುರುವಾಗಿ ನೀರು ಬೆಚ್ಚಗಾಗಿ ಏರತೊಡಗಿದಾಗ ಹೆಣ್ಣು ಗಂಡುಗಳು ಪ್ರವಾಹಕ್ಕೆ ಎದುರಾಗಿ ಈಜಿ, ನಡುಹೊಳೆಯಲ್ಲೇ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುತ್ತವೆ. ಗೂಡಿಲ್ಲ, ಕಾವಲಿಲ್ಲ. ಮೊಟ್ಟೆ ನೀರು ಹೀರಿ ಹಲವು ಪಟ್ಟು ಊದಿಕೊಳ್ಳುತ್ತದೆ. ಹೊರಪೊರೆಗೂ ಒಳಗಿನ ಭ್ರೂಣಕ್ಕೂ ನಡುವೆ ಅಗಲವಾದ ನೀರಿನ ಜಾಗ ಉಳಿಯುತ್ತದೆ. ಈ ಮೊಟ್ಟೆ ತೇಲುವುದಿಲ್ಲ, ತಕ್ಷಣ ಮುಳುಗುವುದೂ ಇಲ್ಲ. ನೀರು ಹರಿಯುತ್ತಿರುವಷ್ಟು ಹೊತ್ತು ಅದರ ಜೊತೆ ಸಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಒಂದು ದಿನದೊಳಗೆ ಒಡೆದು ಮರಿಯಾಗುತ್ತದೆ. ಸರಿಯಾಗಿ ಈಜಲೂ ಬಾರದ ಆ ಮರಿಯನ್ನು ನೆರೆಯೇ ಹೊತ್ತು ದಂಡೆ ದಾಟಿಸಿ, ಬಯಲಿನ ಕೊಳಗಳಿಗೆ ತಲುಪಿಸುತ್ತದೆ. ಅಲ್ಲಿ ನೆರಳೂ ಇದೆ, ತಿನ್ನಲೂ ಇದೆ.

ಈಗ ಈ ದಾರಿಯ ನಡುವೆ ಒಂದು ಹಿನ್ನೀರು ಇಡಿ. ಹರಿವು ನಿಂತ ಕಡೆ ಮೊಟ್ಟೆ ತಳಕ್ಕಿಳಿಯುತ್ತದೆ. ಕೆಸರಿನಲ್ಲಿ ಉಸಿರುಗಟ್ಟುತ್ತದೆ, ಇಲ್ಲವೇ ತಿಳಿನೀರಿನಲ್ಲಿ ಕಣ್ಣಿಗೆ ಬಿದ್ದು ಯಾವುದೋ ಮೀನಿನ ಹೊಟ್ಟೆ ಸೇರುತ್ತದೆ. ತಾಯಿಮೀನಿಗೆ ಕಟ್ಟೆ ದಾಟಿ ಮೇಲೆ ಹೋಗಲು ಮೆಟ್ಟಿಲುಮೆಟ್ಟಿಲಾಗಿ ನೀರು ಹರಿಯುವ ಏಣಿ ಕಟ್ಟಿಕೊಟ್ಟರೂ ಈ ತೊಡಕು ಬಿಡಿಸಿದಂತಾಗಲಿಲ್ಲ. ಮೀನೇಣಿ ಎಂಬ ಉಪಾಯ ಹೆಚ್ಚಾಗಿ ಬೆಳೆದದ್ದು ಉತ್ತರಾರ್ಧದ ಸಾಲ್ಮನ್‌ಗಾಗಿ. ಪೆಸಿಫಿಕ್ ಸಾಲ್ಮನ್ ಹತ್ತಿ, ಮೊಟ್ಟೆಯನ್ನು ಜಲ್ಲಿಯಲ್ಲಿ ಹೂತು, ಸಾಯುತ್ತದೆ. ಡೊರಾಡೊ ಹಾಗಲ್ಲ. ದೊಡ್ಡದು ಮರಳಿ ಇಳಿಯಬೇಕು, ಮೊಟ್ಟೆ ಮರಿಗಳೂ ಹರಿದು ಬರಬೇಕು. ಹತ್ತಿಸಿ ಇಳಿಯಲಾಗದಂತೆ ಮಾಡುವ ಏಣಿ ಮೀನಿಗೆ ಬಲೆಯೇ ಆದೀತೆಂದು ಬ್ರೆಜಿಲ್‌ನ ವಿಜ್ಞಾನಿಗಳಾದ ಪೆಲಿಸಿಸೆ ಮತ್ತು ಅಗೊಸ್ಟಿನ್ಯೊ 2008ರಲ್ಲೇ ಬರೆದರು. ಪರಾನಾದ ಯಾಸಿರೆಟಾ ಕಟ್ಟೆಯಲ್ಲಿ ಮೀನುಗಳಿಗಾಗಿ ಲಿಫ್ಟ್ ಇದೆ. ಅದನ್ನು ಉದ್ಧಾರದ ಸಾಕ್ಷಿಯೆಂದು ತೋರಿಸುವವರನ್ನು ಕಂಡರೆ ನನಗೆ ತಾಳ್ಮೆ ಸಾಲದು.

“ಮರಿ ಬಿತ್ತನೆ ಮಾಡಿದರಾಯಿತು” ಎನ್ನುವ ಇನ್ನೊಂದು ಸುಲಭದ ಮದ್ದಿದೆ. ಇದರ ಹಿಂದಿನ ಚರಿತ್ರೆ ರುಚಿಯಾಗಿದೆ, ತುಸು ದಾರಿ ತಪ್ಪುತ್ತೇನೆ. 1930ರಲ್ಲಿ ಬ್ಯೂನಸ್ ಐರಿಸ್‌ನ ಶರೀರವಿಜ್ಞಾನಿ ಬರ್ನಾರ್ಡೊ ಹೌಸ್ಸೆ ಒಂದು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಸಾರವನ್ನು, ಮರಿ ಹಾಕುವ ಜಾತಿಯ ಪುಟ್ಟ ಮೀನಿಗೆ ಚುಚ್ಚಿದರು. ಅದು ದಿನ ತುಂಬುವ ಮೊದಲೇ ಮರಿ ಹಾಕಿತು. (ಇದೇ ಹೌಸ್ಸೆಗೆ 1947ರಲ್ಲಿ ನೊಬೆಲ್ ಬಂತು, ಈ ಪ್ರಯೋಗಕ್ಕಲ್ಲ, ಸಕ್ಕರೆ ಮತ್ತು ಪಿಟ್ಯೂಟರಿ ನಂಟಿನ ಶೋಧಕ್ಕೆ.) ಅದೇ ದಶಕದಲ್ಲಿ ಬ್ರೆಜಿಲ್‌ನ ಜೀವವಿಜ್ಞಾನಿ ರೊಡೊಲ್ಫೊ ವಾನ್ ಇಹೆರಿಂಗ್ ಈ ಚುಚ್ಚುಮದ್ದಿನಿಂದ, ಕೊಳದಲ್ಲಿ ಮೊಟ್ಟೆಯಿಡಲು ಒಲ್ಲದ ಹೊಳೆಮೀನುಗಳಿಂದಲೂ ಮೊಟ್ಟೆ ಇಡಿಸಿದರು. ನೆರೆ ಕೊಡಬೇಕಾಗಿದ್ದ ಸುಳಿವನ್ನು ಸೂಜಿ ಕೊಟ್ಟಿತು. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನುವಿಜ್ಞಾನಿ ಹೀರಾಲಾಲ್ ಚೌಧುರಿ ಅದೇ ವಿದ್ಯೆಯನ್ನು ನಮ್ಮ ಗೆಂಡೆ ಮೀನುಗಳ ಮೇಲೆ ಸಾಧಿಸಿದರು. ಇಂದು ಕರ್ನಾಟಕದ ಕೆರೆಗಳಿಗೆ ರೋಹು, ಕಾಟ್ಲಾ ಮರಿ ಬಿಡುತ್ತೇವಲ್ಲ, ಅದರ ಬೇರು ದಕ್ಷಿಣ ಅಮೆರಿಕದಲ್ಲಿದೆ.

ಹಾಗಾದರೆ ಡೊರಾಡೊಗೂ ಚುಚ್ಚಿ ಎನ್ನಬಹುದು. ಚುಚ್ಚಿದ್ದಾರೆ, ಮೊಟ್ಟೆಯೂ ಬರುತ್ತದೆ. ಮರಿಗೆ ಬಾಯಿ ತೆರೆದ ಗಳಿಗೆಯಿಂದ ಪಕ್ಕದ ಮರಿಯೇ ಆಹಾರ. ತನ್ನಷ್ಟೇ ಉದ್ದದ ಒಡಹುಟ್ಟನ್ನು ಅರ್ಧ ನುಂಗಿ, ಉಳಿದರ್ಧ ಬಾಯಿಂದ ಹೊರಗೆ ಇಳಿಬಿಟ್ಟುಕೊಂಡು ಈಜುವ ಮರಿಗಳು ಸಾಕಣೆ ತೊಟ್ಟಿಯಲ್ಲಿ ಕಾಣುತ್ತವೆ. ಅದನ್ನು ತಡೆಯಲು ಸಾಬಾಲೊ ಎಂಬ ಇನ್ನೊಂದು ಹೊಳೆಮೀನಿನ ಮರಿಗಳನ್ನು ತಂದು ತಿನ್ನಿಸಬೇಕು. ಇಷ್ಟೆಲ್ಲ ಮಾಡಿ ಬೆಳೆಸಿ, ಮಂತ್ರಿಗಳ ಕೈಯಲ್ಲಿ ಬಕೆಟ್ ಕೊಟ್ಟು ನದಿಗೆ ಸುರಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ. ಬಯಲಿಗೆ ನೀರೇ ಏರದ ವರ್ಷ ಆ ಮರಿ ಎಲ್ಲಿ ಬೆಳೆಯಬೇಕು?

ನೆರೆಯ ಲೆಕ್ಕ ಮೀನಿನ ತಲೆಯೊಳಗೇ ಇದೆ. ಕೆಸರು ಮೇಯುವ ಸಾಬಾಲೊ ಡೊರಾಡೊದ ಮುಖ್ಯ ಆಹಾರ. ಸಾಬಾಲೊದ ಕಿವಿಯೊಳಗಿನ ಪುಟ್ಟ ಸುಣ್ಣದ ಹರಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ವರ್ಷವರ್ಷದ ಉಂಗುರಗಳು ಕಾಣುತ್ತವೆ. ಎಣಿಸಿ ಹುಟ್ಟಿದ ವರ್ಷ ಹಿಡಿದರೆ, ದೊಡ್ಡ ನೆರೆಯ ವರ್ಷಗಳ ಸಂತಾನವೇ ಹಿಂಡಿನಲ್ಲಿ ಹೆಚ್ಚು. ನಡುವಿನ ವರ್ಷಗಳು ಬಹುತೇಕ ಖಾಲಿ. 2015ರ ಡಿಸೆಂಬರಿನಲ್ಲಿ ಉರುಗ್ವೆ ನದಿ ಉಕ್ಕಿ ಕೊಂಕೋರ್ದಿಯಾದಲ್ಲಿ ಸಾವಿರಾರು ಜನ ಮನೆ ಬಿಟ್ಟರು. ಅದೇ ವರ್ಷ ಕರ್ನಾಟಕದಲ್ಲಿ ಮುಂಗಾರು ಕೈಕೊಟ್ಟು ಬರ. ಎರಡರ ಹಿಂದೆಯೂ ಎಲ್ ನಿನೊ ಇತ್ತು. 2021ರಲ್ಲಿ ಪರಾನಾ ಏಳು ದಶಕಗಳಲ್ಲೇ ಕಾಣದಷ್ಟು ಇಳಿದು, ಬಯಲಿನ ಕೊಳಗಳು ಒಣಗಿ ಬಿರುಕು ಬಿಟ್ಟವು. ಅಂಥ ವರ್ಷದ ಪೆಟ್ಟು ಗಾಳ ಹಾಕುವವರಿಗೆ ಕೂಡಲೇ ತಿಳಿಯುವುದಿಲ್ಲ. ಹಳೆಯ ದೊಡ್ಡ ಮೀನುಗಳು ಇನ್ನೂ ಸಿಗುತ್ತಿರುತ್ತವೆ. ಹುಟ್ಟದೇ ಹೋದವು ಯಾರ ಗಾಳಕ್ಕೂ ಬೀಳುವುದಿಲ್ಲ.

ಹಿಡಿದು ಬಿಡುವುದು ಒಳ್ಳೆಯದೇ. 2005ರಲ್ಲಿ ಅರ್ಜೆಂಟೀನಾ ಡೊರಾಡೊವನ್ನು ರಾಷ್ಟ್ರೀಯ ಮಹತ್ವದ ಮೀನೆಂದು ಕಾನೂನಿನಲ್ಲೇ ಸಾರಿದ್ದೂ ಒಳ್ಳೆಯದೇ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ 1997ರದು. ಪರಾನಾದ ನಡುಭಾಗಕ್ಕೂ ಕಟ್ಟೆ ಹಾಕುವ ಯೋಜನೆ ಆಗ ಮತ್ತೆ ತಲೆಯೆತ್ತಿತ್ತು. ಜನ ಎದ್ದು ನಿಂತರು. ಅರ್ಜೆಂಟೀನಾದ ಎಂತ್ರೆ ರಿಯೋಸ್ ಪ್ರಾಂತ್ಯ ತನ್ನ ಎರಡೂ ದೊಡ್ಡ ನದಿಗಳಾದ ಪರಾನಾ, ಉರುಗ್ವೆಗಳಿಗೆ ಇನ್ನು ಹೊಸ ಕಟ್ಟೆ ಬೇಡವೆಂದು ಕಾಯ್ದೆ ಮಾಡಿತು. ಯಾಸಿರೆಟಾದಿಂದ ಕೆಳಗೆ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಪರಾನಾಕ್ಕೆ ಇವತ್ತಿಗೂ ಅಡ್ಡಗೋಡೆಯಿಲ್ಲ. ಮೊಟ್ಟೆ ಹರಿದು ಹೋಗಲು ಅಷ್ಟು ಉದ್ದ ಬೇಕು.