ಎಲ್ಲರ ಕಿವಿಗೂ ಬೀಳುವ ಗುಟ್ಟು

1903ರ ಜೂನ್. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ವಿಜ್ಞಾನಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ತಂತಿಯಿಲ್ಲದ ಟೆಲಿಗ್ರಾಫನ್ನು ತೋರಿಸಲು ನಿಂತಿದ್ದರು. ದೂರದ ಕಾರ್ನ್‌ವಾಲ್‌ನಿಂದ ಮಾರ್ಕೋನಿಯ ಸಂದೇಶ ಬರಬೇಕಿತ್ತು. ಅದಕ್ಕೂ ಮೊದಲೇ ಯಂತ್ರ ಟಕಟಕ ಎಂದಿತು: ‘ಇಲಿಗಳು, ಇಲಿಗಳು, ಇಲಿಗಳು’. ಬೆನ್ನಿಗೇ ಮಾರ್ಕೋನಿಯನ್ನು ಹಂಗಿಸುವ ಪದ್ಯ. ಕಳಿಸಿದಾತ ಹತ್ತಿರದಲ್ಲೇ ಪ್ರೇಷಕ ಯಂತ್ರ ಇಟ್ಟುಕೊಂಡಿದ್ದ ನೆವಿಲ್ ಮ್ಯಾಸ್ಕೆಲಿನ್ ಎಂಬ ಜಾದೂಗಾರ. ತನ್ನ ಸಂದೇಶಗಳನ್ನು ಬೇರೆಯವರು ಕದ್ದು ಕೇಳಲಾರರು ಎಂದು ಮಾರ್ಕೋನಿ ಹೇಳಿಕೊಂಡಿದ್ದರು. ಗಾಳಿಗೆ ಬಿಟ್ಟ ಮಾತು ಎಲ್ಲರದ್ದೂ ಎಂಬುದನ್ನು ಮ್ಯಾಸ್ಕೆಲಿನ್ ತುಂಬಿದ ಸಭೆಯಲ್ಲೇ ತೋರಿಸಿಕೊಟ್ಟ.

ಗ್ರಂಥಾಲಯ, ಬಸ್ ನಿಲ್ದಾಣ, ಆಸ್ಪತ್ರೆಗಳ ಉಚಿತ ವೈ-ಫೈ ಕೂಡ ರೇಡಿಯೋನೇ. ಅದರ ಬಗ್ಗೆ ಜನ ಎರಡು ಮಾತು ನಂಬಿದ್ದಾರೆ. ಪಾಸ್‌ವರ್ಡ್ ಇರುವ ವೈ-ಫೈ ಭದ್ರ. ಇಲ್ಲದ್ದನ್ನು ಮುಟ್ಟಿದರೆ ಬ್ಯಾಂಕ್ ಖಾತೆ ಖಾಲಿ. ಎರಡೂ ತಪ್ಪು. ಇವು ವರ್ಷಗಟ್ಟಲೆ ಫಾರ್ವರ್ಡ್ ಆಗುತ್ತಲೇ ಇರುವುದನ್ನು ಕಂಡು ನನಗೆ ನಿಜಕ್ಕೂ ಬೇಸರವಾಗಿದೆ.

ಮೊದಲನೆಯದು. ಗೋಡೆಗೆ ಅಂಟಿಸಿದ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ವೈ-ಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಪದ್ಧತಿಯಲ್ಲಿ ಆ ಪಾಸ್‌ವರ್ಡ್ ತಿಳಿದವರು, ನಿಮ್ಮ ಫೋನ್ ರೂಟರಿಗೆ ಜೋಡಿಯಾಗುವ ಕ್ಷಣದ ಸಂಕೇತಗಳನ್ನು ಹಿಡಿದುಕೊಂಡರೆ, ನಿಮ್ಮ ಸಂದೇಶಗಳನ್ನು ಮುಚ್ಚುವ ಗುಪ್ತ ಸಂಖ್ಯೆಯನ್ನು, ಅಂದರೆ ಕೀಲಿಯನ್ನು, ತಾವೇ ಲೆಕ್ಕಹಾಕಿಕೊಳ್ಳಬಹುದು. ಊರಿಗೆಲ್ಲ ಒಂದೇ ಬೀಗದ ಕೈ ಹಂಚಿದ ಹಾಗೆ.

ಎರಡನೆಯ ಭಯಕ್ಕೆ ಒಂದು ಕಾಲಕ್ಕೆ ಆಧಾರವಿತ್ತು. 2010ರಲ್ಲಿ ಬಂದ ಫೈರ್‌ಶೀಪ್ ಎಂಬ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶದಿಂದ, ಅದೇ ವೈ-ಫೈ ಬಳಸುತ್ತಿದ್ದವರ ಫೇಸ್‌ಬುಕ್ ಖಾತೆಯೊಳಗೆ ಒಂದು ಕ್ಲಿಕ್ಕಿನಲ್ಲಿ ನುಗ್ಗಬಹುದಿತ್ತು. ಲಾಗಿನ್ ಪುಟಕ್ಕಷ್ಟೇ ಬೀಗ ಹಾಕಿ, ಒಳಗೆ ಹೋದಮೇಲೆ ಗುರುತಿನ ಚೀಟಿಯಂತಿರುವ ಕುಕಿಯನ್ನು ಬಯಲಲ್ಲೇ ಕಳಿಸುತ್ತಿದ್ದ ಜಾಲತಾಣಗಳು ಆಗ ಬಹಳ ಇದ್ದವು. ಈಗ ಹೆಚ್ಚಿನ ತಾಣಗಳು ಮೊದಲ ಪುಟದಿಂದಲೇ ಎಲ್ಲವನ್ನೂ ಬೀಗ ಹಾಕಿ ಕಳಿಸುತ್ತವೆ. ಆ ಪದ್ಧತಿಯ ಹೆಸರು ಎಚ್‌ಟಿಟಿಪಿಎಸ್.

ಇಲ್ಲಿರುವ ಚಮತ್ಕಾರವೇ ನನ್ನನ್ನು ಹಿಡಿದು ಕೂರಿಸುವುದು. ನೀವು ಮತ್ತು ಬ್ಯಾಂಕು ಹಿಂದೆಂದೂ ಗುಟ್ಟಾಗಿ ಮಾತಾಡಿಲ್ಲ. ಆಡುವ ಪ್ರತಿ ಮಾತೂ ಪಕ್ಕದ ಕುರ್ಚಿಯವನಿಗೆ ಕೇಳುತ್ತಿದೆ. ಹಾಗಿದ್ದೂ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಕೀಲಿ ಹುಟ್ಟುವುದು ಹೇಗೆ? ದಾರ ಸಿಕ್ಕಾಗಲು ಅರೆಗಳಿಗೆ ಸಾಕು, ಬಿಡಿಸಲು ಇಡೀ ದಿನ ಬೇಕು. ಎರಡು ಬಣ್ಣ ಕಲಸುವುದು ಸುಲಭ, ಕಲಸಿದ್ದನ್ನು ಬೇರ್ಪಡಿಸುವುದು ಅಸಾಧ್ಯ. ಹೋಗುವಾಗ ಸಲೀಸು, ಬರುವಾಗ ಕಗ್ಗಂಟು: ಗಣಿತದಲ್ಲೂ ಅಂಥ ದಾರಿಗಳಿವೆ.

ಕೈಯಲ್ಲೇ ಲೆಕ್ಕ ಮಾಡಿ ನೋಡಿ. 3 ಮತ್ತು 17, ಈ ಎರಡು ಸಂಖ್ಯೆ ಎಲ್ಲರಿಗೂ ಗೊತ್ತಿರಲಿ. ನೀವು ಮನಸ್ಸಿನಲ್ಲಿ 7 ಇಟ್ಟುಕೊಳ್ಳಿ. 3ನ್ನು ಏಳು ಸಲ ಇಟ್ಟು ಗುಣಿಸಿದರೆ (3×3×3×3×3×3×3) 2187. 17ರಿಂದ ಭಾಗಿಸಿದರೆ ಶೇಷ 11. ಆ 11ನ್ನು ಕೂಗಿ ಹೇಳಿ. ಬ್ಯಾಂಕಿನ ಗುಟ್ಟು 6. 3ನ್ನು ಆರು ಸಲ ಇಟ್ಟು ಗುಣಿಸಿದರೆ 729, ಶೇಷ 15. ಅದೂ 15 ಎಂದು ಕೂಗಲಿ. ಈಗ ನೀವು ಬ್ಯಾಂಕಿನ 15ನ್ನು ಏಳು ಸಲ ಇಟ್ಟು ಗುಣಿಸಿ 17ರಿಂದ ಭಾಗಿಸಿ: ಶೇಷ 8. ಬ್ಯಾಂಕು ನಿಮ್ಮ 11ನ್ನು ಆರು ಸಲ ಇಟ್ಟು ಗುಣಿಸಿ ಭಾಗಿಸಲಿ: ಅಲ್ಲೂ 8! ಆ 8 ಗಾಳಿಯಲ್ಲಿ ಹಾದುಹೋಗಲೇ ಇಲ್ಲ. ಕೇಳಿಸಿಕೊಂಡವನ ಕೈಲಿರುವುದು 3, 17, 11, 15 ಅಷ್ಟೇ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ಅವನು ಒಂದೊಂದಾಗಿ ಹಾಕಿ ನೋಡಿ ಗುಟ್ಟು ಹಿಡಿದಾನು. ನಿಜವಾದ ಸಂಪರ್ಕದಲ್ಲಿ ಸಂಖ್ಯೆಗಳು ಹತ್ತಾರು, ಕೆಲವೊಮ್ಮೆ ನೂರಾರು ಅಂಕಿಗಳಷ್ಟು ಉದ್ದ.

ಇದನ್ನು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಗಣಿತಜ್ಞ ಮಾಲ್ಕಮ್ ವಿಲಿಯಮ್‌ಸನ್ 1974ರಲ್ಲೇ ಕಂಡುಕೊಂಡಿದ್ದರೂ ಅದು ಹೊರಬಿದ್ದದ್ದು 1997ರಲ್ಲಿ. ಗುಟ್ಟು ಮಾಡುವ ವಿದ್ಯೆಯ ಆ ಮೊದಲ ಶೋಧವೇ ಎರಡು ದಶಕ ಗುಟ್ಟಾಗಿತ್ತು! 2018ರ ಡಬ್ಲ್ಯುಪಿಎ3 ವೈ-ಫೈ ಕೂಡ ಇದೇ ಬಗೆಯ ಲೆಕ್ಕವನ್ನು ನೆಚ್ಚಿಕೊಂಡಿದೆ.

ಆದರೆ ಆ ಕಡೆ ಕೂತಿರುವುದು ನಿಜಕ್ಕೂ ಬ್ಯಾಂಕೇ ಎಂದು ಈ ಲೆಕ್ಕ ಹೇಳುವುದಿಲ್ಲ. ನಡುವೆ ಕೂತವನೊಬ್ಬ ನಿಮ್ಮೊಡನೆ ಒಂದು ಕೀಲಿ, ಬ್ಯಾಂಕಿನೊಡನೆ ಇನ್ನೊಂದು ಕೀಲಿ ಮಾಡಿಕೊಳ್ಳಬಹುದು. ಅದನ್ನು ತಡೆಯುವುದು, ಇದು ಅದೇ ವಿಳಾಸದ ತಾಣ ಎಂದು ಬ್ರೌಸರಿಗೆ ಖಚಿತಪಡಿಸುವ, ಜಾಲತಾಣದ ಪ್ರಮಾಣಪತ್ರ. ಅದರಲ್ಲಿ ದೋಷವಿದೆ ಎಂದು ಬ್ರೌಸರ್ ಎಚ್ಚರಿಸಿದಾಗ ‘ಪರವಾಗಿಲ್ಲ, ಮುಂದುವರಿಸು’ ಒತ್ತಿದರೆ ಇಷ್ಟೆಲ್ಲ ಗಣಿತ ನೀರಲ್ಲಿ ಹೋಮ. ದಯವಿಟ್ಟು ಒತ್ತಬೇಡಿ. ಮೊಬೈಲ್ ಡೇಟಾಕ್ಕೆ ಬದಲಾಯಿಸಿಕೊಳ್ಳಿ. ಕೆಲವು ಬ್ರೌಸರುಗಳಲ್ಲಿ ತಾಣದ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರವನ್ನೂ ಅತಿಯಾಗಿ ನಂಬಬೇಡಿ. ಮೋಸದ ತಾಣಗಳೂ ಪ್ರಮಾಣಪತ್ರ ಪಡೆಯುತ್ತವೆ. ಜನ ಅದನ್ನು ತಪ್ಪಾಗಿ ಓದುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರ ತೆಗೆಯಿತು.

ವೈ-ಫೈ ಹೆಸರೂ ಅಷ್ಟೇ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಒಮ್ಮೆ ಸೇರಿದ ಹೆಸರನ್ನು ಫೋನ್ ನೆನಪಿಟ್ಟುಕೊಂಡು, ಮುಂದೆ ಅದೇ ಹೆಸರಿನ ಬೇರೆ ಜಾಲಕ್ಕೂ ತಾನಾಗಿಯೇ ಸೇರಿಬಿಡಬಹುದು. ಸಿಬ್ಬಂದಿಯನ್ನು ಕೇಳಿ ಹೆಸರು ಖಚಿತಪಡಿಸಿಕೊಳ್ಳಿ, ಹೊರಡುವಾಗ ಪಟ್ಟಿಯಿಂದ ಅಳಿಸಿ. ಉಚಿತ ವೈ-ಫೈನ ಲಾಗಿನ್ ಪುಟ ಮೊಬೈಲ್ ಸಂಖ್ಯೆ, ಒಟಿಪಿ ಕೇಳುವುದು ಸಾಮಾನ್ಯ. ಇಮೇಲ್ ಪಾಸ್‌ವರ್ಡ್ ಕೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ನನ್ನದೇ ರೂಟರಿನಲ್ಲಿ ನನ್ನ ಫೋನಿನ ಸಂಚಾರವನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದು ನೋಡಿದ್ದೇನೆ. ಸಾಲುಸಾಲು ಅರ್ಥವಿಲ್ಲದ ಅಕ್ಷರಗಳು, ನಡುವೆ ಒಂದೆಡೆ ಹವಾಮಾನ ತಾಣದ ಹೆಸರು ಸ್ಪಷ್ಟವಾಗಿ ಓದುವಂತಿತ್ತು. ಏನು ಓದಿದಿರಿ ಎಂಬುದು ಮುಚ್ಚಿರುತ್ತದೆ, ಎಲ್ಲಿಗೆ ಹೋದಿರಿ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ನಿಮ್ಮ ಸಂಚಾರವನ್ನೆಲ್ಲ ಮುಚ್ಚಿ ಬೇರೊಂದು ಕಂಪ್ಯೂಟರಿನ ಮೂಲಕ ಕಳಿಸುವ ವಿಪಿಎನ್ ಸೇವೆ ಹಾಕಿದರೆ ಅದೂ ಮುಚ್ಚುತ್ತದೆ, ಆದರೆ ಆಗ ವಿಪಿಎನ್ ನಡೆಸುವವರನ್ನು ನಂಬಬೇಕಾಗುತ್ತದೆ.

ಇನ್ನು ‘ದೊಡ್ಡ ಡೌನ್‌ಲೋಡ್ ಬೇಡ’, ‘ಇಷ್ಟೇ ಸಮಯ’ ಎಂಬ ನಿಯಮಗಳು. ಅವನ್ನು ಜಿಪುಣತನ ಎಂದುಕೊಳ್ಳಬೇಡಿ. ಒಂದು ಚಾನೆಲ್‌ನಲ್ಲಿ ಬಹುಮಟ್ಟಿಗೆ ಒಂದು ಸಲಕ್ಕೆ ಒಂದೇ ಸಾಧನ ಮಾತಾಡಬಲ್ಲದು, ಉಳಿದವು ಕಾಯಬೇಕು. ರೂಟರಿನಿಂದ ದೂರ, ಕಂಬದ ಮರೆಯಲ್ಲಿ ಕೂತವರ ಫೋನ್ ನಿಧಾನವಾಗಿ ಮಾತಾಡುತ್ತದೆ. ಅಷ್ಟೇ ಮಾತಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಅವರೊಬ್ಬರು ಎದ್ದು ರೂಟರಿನ ಸಮೀಪ ಕೂತರೆ ಇಡೀ ಕೋಣೆಯವರ ವೈ-ಫೈ ಚುರುಕಾಗಬಹುದು.