ನಮ್ಮ ಸಂಘ ಕಸ ಹೆಕ್ಕುತ್ತದೆ, ಸರ್ಕಾರದ ದುಡ್ಡು ಸಿಗುತ್ತದಾ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ಪ್ರವಾಸಿಗರು ರಸ್ತೆ ಬದಿ ಬಿಸಾಕಿದ ಬಾಟಲಿ, ಪ್ಲಾಸ್ಟಿಕ್ ಹೆಕ್ಕಿ ಹೆಕ್ಕಿ ಸಾಕಾಗಿದೆ. ಊರಲ್ಲೇ ಒಣಕಸದ ಘಟಕ ಮಾಡೋಣ ಅಂತಿದ್ದೇವೆ. ನಮ್ಮ ಯುವಕ ಸಂಘಕ್ಕೆ ಸರ್ಕಾರದಿಂದ ಅನುದಾನ ಸಿಗುತ್ತದಾ? ಯಾರನ್ನು ಕೇಳಬೇಕು?

ಉತ್ತರ: ಚಿಕ್ಕಮಗಳೂರು, ಸಕಲೇಶಪುರ ಕಡೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸಂಘದ ಖಾತೆಗೆ ನೇರವಾಗಿ ದುಡ್ಡು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಕಸದ ದುಡ್ಡು ಬರುವುದು ಗ್ರಾಮ ಪಂಚಾಯಿತಿಗೆ. ಅದನ್ನು ನಿಮ್ಮ ಊರಿನ ಕೆಲಸಕ್ಕೆ ಹಾಕಿಸಿಕೊಳ್ಳುವುದು ನಿಮ್ಮ ಸಂಘದ ಕೆಲಸ.

ಮುಖ್ಯವಾದದ್ದು ಸ್ವಚ್ಛ ಭಾರತ್ ಮಿಷನ್ನಿನ ಗ್ರಾಮೀಣ ವಿಭಾಗ. 2014ರಲ್ಲಿ ಶೌಚಾಲಯದಿಂದ ಶುರುವಾದ ಯೋಜನೆ ಇದು. 2020ರಲ್ಲಿ ಶುರುವಾದ ಎರಡನೇ ಹಂತದಲ್ಲಿ ಕಸ ಮತ್ತು ಬಚ್ಚಲು ನೀರಿಗೆ ಒತ್ತು ಕೊಟ್ಟು ದುಡ್ಡು ಇಟ್ಟರು. ಲೆಕ್ಕ ತಲೆ ಎಣಿಕೆಯ ಮೇಲೆ. 5,000 ಜನರವರೆಗಿನ ಊರಿಗೆ ಘನತ್ಯಾಜ್ಯಕ್ಕೆ ತಲೆಗೆ 60 ರೂಪಾಯಿವರೆಗೆ, ಅದಕ್ಕಿಂತ ದೊಡ್ಡ ಊರಿಗೆ 45 ರೂಪಾಯಿವರೆಗೆ. ಇದರಲ್ಲಿ ಶೇ. 70 ಮಿಷನ್ನಿನದು. ಉಳಿದ ಶೇ. 30 ಪಂಚಾಯಿತಿ ತನ್ನ 15ನೇ ಹಣಕಾಸು ಆಯೋಗದ ಅನುದಾನದಿಂದ (ಆಯೋಗದ ಶಿಫಾರಸಿನಂತೆ ಕೇಂದ್ರ ಕೊಡುವ ಹಣ) ಹಾಕಬೇಕು ಅಂತ ನಿಯಮ ಮಾಡಿದ್ದರು.

2,500 ಜನರ ಊರು ಅಂದುಕೊಳ್ಳಿ. ಒಟ್ಟು ಒಂದೂವರೆ ಲಕ್ಷ. ಮಿಷನ್ನಿಂದ 1,05,000, ಪಂಚಾಯಿತಿಯಿಂದ 45,000. ಒಂದು ಟಿಪ್ಪರ್ ಆಟೋಗೂ ಸಾಲದು, ಅಲ್ವಾ? ಮಲೆನಾಡಿನಲ್ಲಿ ಇನ್ನೂ ಕಷ್ಟ. ತೋಟದ ನಡುವೆ ಅಲ್ಲೊಂದು ಮನೆ ಇಲ್ಲೊಂದು ಮನೆ ಇರುವ, 200 ಜನರ ಊರಿಗೆ ಈ ಲೆಕ್ಕದಲ್ಲಿ ಬರುವುದು 12,000. ಅಂಥ ಪುಟ್ಟ ಊರಿಗೆ ಕಸ, ಬಚ್ಚಲು ನೀರು ಎರಡೂ ಸೇರಿ ಕನಿಷ್ಠ 1 ಲಕ್ಷ ಕೊಡಬಹುದು ಅಂತ ನಿಯಮದಲ್ಲೇ ಇದೆ, ಕೇಳುವವರು ಕಡಿಮೆ. ಹೇಗಿದ್ದರೂ ಊರಿಗೊಂದು ಘಟಕ ಅಂತ ಹಟ ಹಿಡಿಯಬೇಡಿ. ಪಂಚಾಯಿತಿಯ ಎಲ್ಲ ಊರುಗಳ ಪಾಲು ಸೇರಿಸಿ ಒಂದೇ ಶೆಡ್ ಮಾಡಿದರೆ ಲೆಕ್ಕ ಕೂಡುತ್ತದೆ. ಇದಲ್ಲದೆ ತಾಲೂಕಿಗೆ ಒಂದು ಪ್ಲಾಸ್ಟಿಕ್ ಘಟಕಕ್ಕೆ 16 ಲಕ್ಷದವರೆಗೆ ಅವಕಾಶವಿದೆ. ನಿಮ್ಮ ತಾಲೂಕಿನದು ಯಾವ ಹಂತದಲ್ಲಿದೆ ಅಂತ ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಹತ್ತಿರ ಕೇಳಿ. ಈ ವರ್ಷದ ಆದೇಶ ಏನು ಹೇಳುತ್ತದೆ ಅನ್ನುವುದನ್ನೂ ಅಲ್ಲೇ ಕೇಳಿ.

ಪಟ್ಟಣದವರಿಗೆ ದಾರಿ ಬೇರೆ. ಅಲ್ಲಿ ಮಿಷನ್ನಿನ ನಗರ ವಿಭಾಗದ ದುಡ್ಡು ಬರುತ್ತದೆ. ಲಕ್ಷ ಜನಸಂಖ್ಯೆಯೊಳಗಿನ ಮೂಡಿಗೆರೆ, ತರೀಕೆರೆಯಂಥ ಪಟ್ಟಣಕ್ಕೆ ಕೇಂದ್ರದ ಪಾಲು ಶೇ. 50, ಲಕ್ಷ ದಾಟಿದ ಹಾಸನ, ಚಿಕ್ಕಮಗಳೂರಿಗೆ ಶೇ. 33.

ಇಷ್ಟು ಹೇಳಿದ್ದು ಘಟಕ ಕಟ್ಟಿಸುವ ದುಡ್ಡಿನ ಮಾತು. ನನ್ನ ಪ್ರಕಾರ ಅದು ಸುಲಭದ ಭಾಗ. ಉದ್ಘಾಟನೆಯ ಫಲಕ ಹಾಕಿಸಿಕೊಳ್ಳಲು ಎಲ್ಲರಿಗೂ ಇಷ್ಟ, ಡೀಸೆಲ್ ಬಿಲ್ಲಿನ ಮೇಲೆ ಯಾರ ಹೆಸರೂ ಬರುವುದಿಲ್ಲ. ಗಾಡಿ ಓಡಿಸುವವರು, ಕಸ ಬೇರೆ ಮಾಡುವವರು, ಇವರ ಸಂಬಳ ತಿಂಗಳು ತಿಂಗಳು ಎಲ್ಲಿಂದ? ಒಂದು ಮೂಲ ಹಣಕಾಸು ಆಯೋಗದ್ದೇ. 15ನೇ ಆಯೋಗ 2021-22ರಿಂದ 2025-26ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 30 ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟ ಹಣವಾಗಿತ್ತು. ಇನ್ನೊಂದು, ಮನೆ ಮತ್ತು ಅಂಗಡಿಗಳಿಂದ ತೆಗೆದುಕೊಳ್ಳುವ ಕಸದ ಶುಲ್ಕ. ಮೂರನೆಯದು, ಕಸ ಮಾರಿ ಬಂದದ್ದು.

ಮೂರನೆಯದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಶೆಡ್ಡಿನಲ್ಲಿ ಒಂದು ಚೀಲ ಬಿಚ್ಚಿ ಸುರಿದು ನೋಡಿ. ನೀರಿನ ಬಾಟಲಿ, ರಟ್ಟು, ಕಬ್ಬಿಣದ ಚೂರು, ತೊಳೆದು ಒಣಗಿಸಿದ ಹಾಲಿನ ಕವರ್: ಇವನ್ನು ಗುಜರಿಯವರು ಕೇಳಿ ತಗೊಳ್ಳುತ್ತಾರೆ. ಉಳಿದದ್ದು? ಒಳಗೆ ಬೆಳ್ಳಿ ಬಣ್ಣದ ಚಿಪ್ಸ್ ಪೊಟ್ಟಣ, ಸಾಂಬಾರ್ ಅಂಟಿದ ಪಾರ್ಸಲ್ ಕವರ್, ಹರಿದ ಚಪ್ಪಲಿ, ಒಡೆದ ಗಾಜು, ಡೈಪರ್. ಇವನ್ನು ಸುಮ್ನೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಚಿಪ್ಸ್ ಪೊಟ್ಟಣದಂಥದ್ದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ಅಲ್ಲಿಗೆ ಕಳಿಸಲು ಲಾರಿ ಬಾಡಿಗೆ ನಾವೇ ಹುಟ್ಟಿಸಬೇಕು. ಅದೂ ಅಲ್ಲದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಒಣಕಸ ಒಣಗಿರುವುದೇ ಇಲ್ಲ. ರಟ್ಟು ನೆನೆದರೆ ಬೆಲೆ ಹೋಯಿತು. ಅದಕ್ಕೇ ಶೆಡ್ಡಿನ ಅಂದಾಜು ಪಟ್ಟಿ ಮಾಡುವಾಗಲೇ ಎತ್ತರದ ನೆಲ, ಇರಚಲು ಹೊಡೆಯದಂತೆ ಪಕ್ಕದ ಗೋಡೆ, ಮಂಗ ನುಗ್ಗದಂತೆ ಜಾಲರಿ ಬರೆಸಿ. ಬಯಲುಸೀಮೆಯ ನಕ್ಷೆ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಶುಲ್ಕವೇ ಗತಿ. ಘನತ್ಯಾಜ್ಯ ನಿಯಮಗಳಲ್ಲೇ ಅದಕ್ಕೆ ಅವಕಾಶವಿದೆ. ಮನೆಗೆ ಎಷ್ಟು ಅನ್ನುವುದಕ್ಕಿಂತ ಹೋಮ್‌ಸ್ಟೇ, ರೆಸಾರ್ಟ್, ಹೋಟೆಲ್‌ಗೆ ಎಷ್ಟು ಅನ್ನುವುದು ಮುಖ್ಯ. ವಾರಾಂತ್ಯದಲ್ಲಿ ಒಂದು ಹೋಮ್‌ಸ್ಟೇಯಿಂದ ಬರುವ ಬಾಟಲಿ, ತಟ್ಟೆ, ಲೋಟಕ್ಕೂ ತೋಟದ ಕಾರ್ಮಿಕರ ಲೈನ್ ಮನೆಯ ಒಂದು ಕವರ್ ಕಸಕ್ಕೂ ಒಂದೇ ದರ ಇಟ್ಟರೆ ಅದು ನ್ಯಾಯ ಅಲ್ಲ. ಪಂಚಾಯಿತಿ ಸದಸ್ಯರ ನೆಂಟರದ್ದೇ ಹೋಮ್‌ಸ್ಟೇ ಇದ್ದರೆ ಈ ಮಾತು ಸಭೆಯಲ್ಲಿ ಬೇಗ ಮುಗಿದುಬಿಡುತ್ತದೆ, ಅದು ಬೇರೆ ವಿಷಯ.

ಬಿಯರ್ ಬಾಟಲಿಗೆ ಒಂದು ದಾರಿ ಪಕ್ಕದ ತಮಿಳುನಾಡಿನಲ್ಲಿದೆ. ನೀಲಗಿರಿಯಲ್ಲಿ ಹೈಕೋರ್ಟ್ ಮಧ್ಯೆ ಬಂದ ಮೇಲೆ 2022ರಿಂದ ಬಾಟಲಿಗೆ 10 ರೂಪಾಯಿ ಜಾಸ್ತಿ ತಗೊಂಡು, ಖಾಲಿ ಬಾಟಲಿ ವಾಪಸ್ ಕೊಟ್ಟರೆ ಹಿಂದಿರುಗಿಸುತ್ತಾರೆ. ಇದು ಪಂಚಾಯಿತಿ ಕೈಯಲ್ಲಿಲ್ಲ, ಸರ್ಕಾರವೇ ಮಾಡಬೇಕು. ಆದರೆ ಘಾಟಿ ರಸ್ತೆಯ ಕಸಕ್ಕೆ ಹತ್ತು ಶೆಡ್ಡಿಗಿಂತ ಇದೇ ಜಾಸ್ತಿ ಕೆಲಸ ಮಾಡೀತು ಅನ್ನಿಸುತ್ತದೆ.

ಈಗ ನೀವು ಮಾಡಬೇಕಾದದ್ದು. ಮೊದಲು ಜಾಗ. ಪಂಚಾಯಿತಿ ತೋರಿಸುವ ಜಾಗ ಡೀಮ್ಡ್ ಅರಣ್ಯವೋ (ಅರಣ್ಯ ಅಂತಲೇ ಪರಿಗಣಿಸಿದ ಜಾಗ), ಸೆಕ್ಷನ್ 4 ಒಳಗೆ (ಮೀಸಲು ಅರಣ್ಯ ಮಾಡಲು ಅಧಿಸೂಚನೆ ಆದ ಜಾಗ) ಬರುತ್ತದೋ ಮೊದಲೇ ವಿಚಾರಿಸಿ ನೋಡಿ. ಇಲ್ಲದಿದ್ದರೆ ದುಡ್ಡು ಬಂದ ಮೇಲೂ ಕೆಲಸ ನಿಲ್ಲುತ್ತದೆ. ಆಮೇಲೆ ನಡೆಸುವವರು ಯಾರು ಅನ್ನುವುದು. ನಮ್ಮ ರಾಜ್ಯದಲ್ಲಿ ಈ ಘಟಕಗಳನ್ನು ಪಂಚಾಯಿತಿ ಮಟ್ಟದ ಸಂಜೀವಿನಿ ಮಹಿಳಾ ಒಕ್ಕೂಟಕ್ಕೆ (ಸ್ವಸಹಾಯ ಸಂಘಗಳ ಕೂಟ) ಒಪ್ಪಂದ ಮಾಡಿ ಕೊಡುವ ಪದ್ಧತಿ ಇದೆ, ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿ ಓಡಿಸುವುದಕ್ಕೂ ಹೆಂಗಸರಿಗೆ ತರಬೇತಿ ಕೊಟ್ಟಿದ್ದಾರೆ. ನಿಮ್ಮ ಯುವಕ ಸಂಘ ಅವರ ಜೊತೆ ಸೇರಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಸಲೀಸು. ಫಲಕದಂಥ ಸಣ್ಣ ಖರ್ಚನ್ನು ಮಿಷನ್ನಿನ ಜಾಗೃತಿಯ ಬಾಬ್ತಿನಲ್ಲಿ ಕೇಳಬಹುದು.

ಮುಂದಿನ ವರ್ಷದ ಯೋಜನೆ ತಯಾರಿ ಅಕ್ಟೋಬರ್ 2ರ ಹೊತ್ತಿಗೆ ಶುರುವಾಗುತ್ತದೆ. ಆ ಗ್ರಾಮಸಭೆಗೆ ಹೋಗಿ, ಶೆಡ್ಡಿನ ಜೊತೆಗೆ ನಡೆಸುವ ಖರ್ಚನ್ನೂ ಕ್ರಿಯಾ ಯೋಜನೆಯಲ್ಲಿ ಸೇರಿಸಿ ಅಂತ ಲಿಖಿತವಾಗಿ ಕೊಡಿ. ಸಭೆಯಲ್ಲಿ ಹೂಂ ಅಂದರು ಅಂತ ಎದ್ದು ಬರಬೇಡಿ. ನಡಾವಳಿಯಲ್ಲಿ ಬರೆಸಿ, ಅದರ ಪ್ರತಿ ಇಸಕೊಳ್ಳಿ. ಪಿಡಿಒ ವರ್ಗವಾಗಿ ಹೋದರೆ ಹೊಸಬರ ಮುಂದೆ ಇಡಲು ನಿಮ್ಮ ಹತ್ತಿರ ಇರುವುದು ಅದೊಂದೇ ಕಾಗದ.