ಮೂರು ದಪ್ಪ ವೈರು, ಐದು ಸಣ್ಣ ವೈರು

ಹೋದ ಆಷಾಢದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಹತ್ತಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆ. ಸಕ್ರೆಬೈಲು ದಾಟುವವರೆಗೂ ಏನೂ ತಕರಾರಿಲ್ಲ. ಮಂಡಗದ್ದೆಯಲ್ಲಿ ಕಾಫಿಗೆ ನಿಲ್ಲಿಸಿ, ಮಳೆ ಸ್ವಲ್ಪ ಹೊಳವಾದ ಮೇಲೆ ಮತ್ತೆ ಹತ್ತಿದರೆ ಗಾಡಿ ಹೊರಡಲೇ ಇಲ್ಲ. ಆಕ್ಸಿಲರೇಟರ್ ತಿರುಗಿಸಿದರೆ ಹಿಂದಿನ ಚಕ್ರ ಗುರ್ ಗುರ್ ಎಂದು ನಡುಗುತ್ತದೆ, ಅಷ್ಟೇ. ಸುಮ್ನೆ ಕಾಲಲ್ಲಿ ಒಂದೆರಡು ಸಲ ತಳ್ಳಿ ನೋಡಿದೆ. ಓಡಿತು! ನಿಲ್ಲಿಸಿದರೆ ಮತ್ತೆ ಅದೇ ಕಥೆ. ಫೋನ್ ಮಾಡಿ ಕೇಳಿದರೆ ಎಲ್ಲರದ್ದೂ ಒಂದೇ ಮಾತು: ಮೋಟಾರ್ ಹೋಗಿದೆ.

ಹೋಗಿರಲಿಲ್ಲ.

ಅಡಿಕೆ ತೋಟದ ಪಂಪ್‌ಸೆಟ್ ನೋಡಿದವರಿಗೆ ಈ ನಡುಕ ಹೊಸದಲ್ಲ. ಮೂರು ಫೇಸಿನಲ್ಲಿ ಒಂದು ಕೈಕೊಟ್ಟರೆ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ವಾರ್ನಿಶ್ ಸುಟ್ಟ ವಾಸನೆ, ಆಮೇಲೆ ರಿವೈಂಡಿಂಗ್ ಅಂಗಡಿ. ಸ್ಕೂಟರಿಗೂ ಮೂರು ಫೇಸ್ ಬೇಕು. ಅದನ್ನು ಬ್ಯಾಟರಿಯ ಡಿಸಿ ಕರೆಂಟಿನಿಂದ ಕಂಟ್ರೋಲರ್ ತಾನೇ ಮಾಡಿಕೊಳ್ಳುತ್ತದೆ. ಮೂರು ದಪ್ಪ ವೈರಿನಲ್ಲಿ ಮೋಟಾರಿಗೆ ಕಳಿಸುತ್ತದೆ.

ನನ್ನ ಗಾಡಿಯದು ಹಬ್ ಮೋಟಾರ್, ಅಂದರೆ ಹಿಂದಿನ ಚಕ್ರದ ಒಳಗೇ ಕೂತ ಮೋಟಾರ್. ನಡುವಿನ ಕಾಯಿಲ್ ಕದಲುವುದಿಲ್ಲ, ಸುತ್ತಲಿನ ಅಯಸ್ಕಾಂತದ ಬಳೆ ಚಕ್ರದ ಜೊತೆ ತಿರುಗುತ್ತದೆ. ಯಾವ ಕಾಯಿಲ್‌ಗೆ ಈಗ ಕರೆಂಟ್ ಕೊಡಬೇಕು ಅಂತ ಗೊತ್ತಾಗಲು ಅಯಸ್ಕಾಂತ ಎಲ್ಲಿದೆ ಅಂತ ತಿಳಿಯಬೇಕಲ್ವಾ? ಅದನ್ನು ಹೇಳುವುದು ಮೂರು ಹಾಲ್ ಸೆನ್ಸರ್. ಕುಡಿಯುವ ಹಾಲಲ್ಲ. 1879ರಲ್ಲಿ ಇದರ ಹಿಂದಿನ ತತ್ವ ಕಂಡುಹಿಡಿದ ಎಡ್ವಿನ್ ಹಾಲ್ ಹೆಸರದು. ಐದು ಸಣ್ಣ ವೈರುಗಳಲ್ಲಿ ಎರಡು ಇವಕ್ಕೆ ಕರೆಂಟ್ ಕೊಡಲು, ಮೂರು ಇವು ಹೇಳುವುದನ್ನು ಕೇಳಲು.

ಒಂದೊಂದು ಸೆನ್ಸರ್ ಹೇಳುವುದೂ ಹೌದು ಅಥವಾ ಇಲ್ಲ, ಅಷ್ಟೇ. ಮೂರೂ ಸೇರಿದರೆ ಎಂಟು ಬಗೆಯ ಉತ್ತರ. ಆದರೆ ವಿದ್ಯುತ್ ಸುತ್ತಿನ (ಅಯಸ್ಕಾಂತದ ಒಂದು ಉತ್ತರ-ದಕ್ಷಿಣ ಜೋಡಿ ದಾಟಿದರೆ ಒಂದು ಸುತ್ತು) ಲೆಕ್ಕದಲ್ಲಿ 120 ಡಿಗ್ರಿ ಅಂತರಕ್ಕೆ ಒಂದರಂತೆ ಕೂರಿಸಿದ್ದರೆ, ಬರಲು ಸಾಧ್ಯವಿರುವುದು ಆರೇ. ಮೂರೂ ಹೌದು, ಮೂರೂ ಇಲ್ಲ, ಇವೆರಡು ಬರುವ ಹಾಗೇ ಇಲ್ಲ. ಈಗ ಒಂದು ಸೆನ್ಸರ್ ಕೆಟ್ಟು ಸದಾ ಇಲ್ಲ, ಇಲ್ಲ ಅನ್ನುತ್ತಾ ಕೂತಿತು ಅನ್ನಿ. ಉಳಿದೆರಡೂ ಇಲ್ಲ ಅನ್ನುವ ಗಳಿಗೆ ಬಂದೇ ಬರುತ್ತದೆ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಸುಳ್ಳು ಹಿಡಿಯಲು ಹೊಸ ಸಲಕರಣೆ ಏನೂ ಬೇಕಾಗಲಿಲ್ಲ ನೋಡಿ. ನನಗಂತೂ ಇಡೀ ಗಾಡಿಯಲ್ಲಿ ಅತಿ ಇಷ್ಟವಾದ ಜಾಣತನ ಇದು.

ಕರೆಂಟಿಗೂ ಇಂಥದೇ ಒಂದು ತಾಳೆ ಇದೆ. ಮೂರು ಫೇಸುಗಳ ಕರೆಂಟ್ ಕೂಡಿದರೆ ಯಾವ ಗಳಿಗೆಯಲ್ಲೂ ಸೊನ್ನೆ ಬರಬೇಕು. ಬರದಿದ್ದರೆ ಎಲ್ಲೋ ಸೋರಿಕೆ, ಇಲ್ಲವೇ ಅಳೆಯುವ ಸೆನ್ಸರೇ ತಪ್ಪು ಹೇಳುತ್ತಿದೆ.

ಮತ್ತೆ ಕಾಲಲ್ಲಿ ತಳ್ಳಿದರೆ ಓಡಿದ್ದು ಹೇಗೆ? ತಿರುಗುವ ಅಯಸ್ಕಾಂತ ಕಾಯಿಲ್‌ನಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಸೆನ್ಸರ್ ನಂಬದ ಕೆಲವು ಕಂಟ್ರೋಲರ್‌ಗಳು ಆ ವೋಲ್ಟೇಜ್ ನೋಡಿ ಜಾಗ ಅಂದಾಜು ಮಾಡುತ್ತವೆ. ನಿಂತ ಚಕ್ರದಲ್ಲಿ ಆ ವೋಲ್ಟೇಜೇ ಇಲ್ಲ. ಹಾಗಾಗಿ ಮೊದಲ ತಳ್ಳು ನನ್ನದು, ಮಿಕ್ಕಿದ್ದು ಅದರದು.

ಹೇಗೋ ಶಿವಮೊಗ್ಗಕ್ಕೆ ವಾಪಸ್ ತಂದೆ. ಮೆಕ್ಯಾನಿಕ್ ಮೊದಲು ಮೂರು ದಪ್ಪ ವೈರು ಬಿಚ್ಚಿ ಚಕ್ರ ತಿರುಗಿಸಿದ. ಸರಾಗವಾಗಿ ತಿರುಗಿತು. ಅವುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು, "ಈಗ ತಿರುಗಿಸಿ ಸಾರ್" ಅಂದ. ಕೆಸರಲ್ಲಿ ಹೂತ ಹಾಗೆ ಬಿಗಿ! ಕಾಯಿಲ್ ಒಳಗೇ ಶಾರ್ಟ್ ಆಗಿದ್ದರೆ ಬಿಚ್ಚಿದಾಗಲೂ ಹೀಗೇ ಬಿಗಿಯುತ್ತಿತ್ತಂತೆ. ಅಂದರೆ ಕಾಯಿಲ್ ಚೆನ್ನಾಗಿದೆ.

ಈ ಬಿಗಿ ಬರೀ ಗ್ಯಾರೇಜಿನ ಆಟವಲ್ಲ. ಪಂಪ್‌ಸೆಟ್ಟಿನ ಸ್ವಿಚ್ ಆಫ್ ಮಾಡಿದರೆ ಕಥೆ ಮುಗಿಯಿತು. ಅಯಸ್ಕಾಂತಕ್ಕೆ ಸ್ವಿಚ್ ಇಲ್ಲ. ಎಲೆಕ್ಟ್ರಿಕ್ ಕಾರು ಹೆದ್ದಾರಿಯಲ್ಲಿ ಜೋರಾಗಿ ಓಡುವಾಗ ದೋಷ ಕಂಡು ಎಲ್ಲವನ್ನೂ ಆಫ್ ಮಾಡಿತು ಅನ್ನಿ. ಮೋಟಾರ್ ಡೈನಮೋ ಆಗಿ ಬ್ಯಾಟರಿಗಿಂತ ಜಾಸ್ತಿ ವೋಲ್ಟೇಜ್ ಹುಟ್ಟಿಸಬಹುದು, ಕರೆಂಟ್ ಹಿಂದಕ್ಕೆ ನುಗ್ಗಬಹುದು. ಅದಕ್ಕೇ ಅಂಥ ಹೊತ್ತಲ್ಲಿ ಎಷ್ಟೋ ಕಾರುಗಳು ಮೂರೂ ಫೇಸನ್ನು ಬೇಕಂತಲೇ ಶಾರ್ಟ್ ಮಾಡುತ್ತವೆ. ಗಾಬರಿ ಬೇಡ, ವೇಗ ಜಾಸ್ತಿ ಇದ್ದಾಗ ಈ ಹಿಡಿತ ಕಡಿಮೆ. ಚಕ್ರ ನಿಧಾನವಾದಾಗಲೇ ಬಿಗಿ.

ನನ್ನ ಗಾಡಿಯ ಕಳ್ಳ ಸಿಕ್ಕಿದ್ದು ಐದು ಸಣ್ಣ ವೈರುಗಳ ಕನೆಕ್ಟರಿನಲ್ಲಿ. ಹಬ್ಬದ ಮುಂಚೆ ತಾಮ್ರದ ಹಂಡೆಯಲ್ಲಿ ಕಾಣುವಂಥದೇ ಹಸಿರು ಕಿಲುಬು. "ನೀರು ಕುಡಿದಿದೆ ಸಾರ್." ಹುಣಸೆಹಣ್ಣು ಹಾಕಿ ತಿಕ್ಕುವ ಹಾಗಿಲ್ಲ. ಕೊಳೆತ ಪಿನ್ ಬದಲಾಯಿಸಿ, ಗ್ರೀಸ್ ತುಂಬಿ ಕೊಟ್ಟ.

ಸೀಲ್ ಮಾಡಿದ ಗಾಡಿಗೆ ನೀರು ಹೋಗುವುದಾದರೂ ಹೇಗೆ? ನೀರು, ಧೂಳು ತಡೆಯುವ ದರ್ಜೆ ಐಪಿ67 ಅಂತ ಬರೆದಿದ್ದರೆ 1 ಮೀಟರ್ ನೀರಲ್ಲಿ 30 ನಿಮಿಷ ಇಟ್ಟು ಪರೀಕ್ಷಿಸಿದ್ದಾರೆ ಅಂತ ಅರ್ಥ. ವರ್ಷಗಟ್ಟಲೆ ಮಲೆನಾಡಲ್ಲಿ ಇಟ್ಟು ಅಲ್ಲ! ಮೋಟಾರ್ ಉಸಿರಾಡುತ್ತದೆ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಸಂದಿಗಳಿಂದ ಹೊರಬೀಳುತ್ತದೆ. ತಟ್ಟನೆ ತಣ್ಣಗಾದರೆ ಹೊರಗಿನದನ್ನು ಒಳಗೆಳೆದುಕೊಳ್ಳುತ್ತದೆ. ಆಗ ಸೀಲಿನ ಬಾಯಲ್ಲಿ ನೀರಿದ್ದರೆ ನೀರನ್ನೇ.

ಮಳೆ ಕಳೆದ ಮೇಲೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದೆ. ಅರ್ಧ ದಾರಿಗೆ ಪಿಕಪ್ ಸತ್ತುಹೋಯಿತು. ಈ ಸಲ ಹೆದರಲಿಲ್ಲ. ಏರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಕಾಯಿಲ್‌ನ ಬಿಸಿ ನಾಲ್ಕು ಪಟ್ಟು. ತಾಮ್ರ 100 ಡಿಗ್ರಿ ಹೆಚ್ಚು ಕಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ 40 ಏರಿ, ಬಿಸಿ ಇನ್ನೂ ಜಾಸ್ತಿಯಾಗುತ್ತದೆ. ಅತಿಯಾದರೆ ವೈಂಡಿಂಗಿನ ಕವಚ ಹಾಳು, ಅಯಸ್ಕಾಂತದ ಕಸುವೂ ಕುಂದಬಹುದು. ಕಾಯಿಲ್ ಪಕ್ಕದಲ್ಲಿ ಬಿಸಿ ಅಳೆಯುವ ಥರ್ಮಿಸ್ಟರ್ ಇದನ್ನು ಹೇಳಿದೊಡನೆ ಕಂಟ್ರೋಲರ್ ಕರೆಂಟ್ ಇಳಿಸುತ್ತದೆ. ಪಿಕಪ್ ಇಲ್ಲ ಅಂತ ನಾವು ಬೈಯುವುದು ಇದನ್ನೇ.

ಒಂದು ತಿರುವಿನಲ್ಲಿ ನಿಲ್ಲಿಸಿದೆ. ಪಕ್ಕದಲ್ಲಿ ನಿಂತಿದ್ದ ಹುಡುಗ ಚಕ್ರದ ಹತ್ತಿರ ಕೈ ಚಾಚಿ ನೋಡಿ ಬಾಟಲಿಯ ಮುಚ್ಚಳ ತೆಗೆದ. "ನೀರು ಹಾಕ್ಲಾ ಅಣ್ಣ? ಬೇಗ ತಣ್ಣಗಾಗತ್ತೆ."

"ಬೇಡ ಮಾರಾಯ" ಅಂದು ಬಾಟಲಿ ಇಸ್ಕೊಂಡು ನಾನೇ ಕುಡಿದೆ.